ಮಸಿಯಿಲ್ಲದ ಕಂತಿ

ಉದಗೀರಿನ ರಾಚಯ್ಯ ಹಚ್ಚಿದ ಕಂತಿ ಬಿರುಕು ಬಿಟ್ಟಿತು ಎಂದು ದೂರು ತಂದವರು ಆ ಸೀಮೆಯಲ್ಲಿ ಒಬ್ಬರೂ ಇರಲಿಲ್ಲ. ಎದೆಯ ಮೇಲೆ ಕಟ್ಟಿಕೊಳ್ಳುವ ಇಷ್ಟಲಿಂಗದ ಕಲ್ಲು ಒಳಗಿರುತ್ತದೆ. ಕಣ್ಣಿಗೆ ಕಾಣುವ ಕರಿ ಹೊಳಪಿನ ಲೇಪವೇ ಕಂತಿ. ದಿನವೂ ಅದರ ಮೇಲೆ ನೀರು ಬೀಳಬೇಕು, ವಿಭೂತಿ ತಿಕ್ಕಬೇಕು, ದುಡಿಯುವವನ ಬೆವರು ಇಳಿಯಬೇಕು. ಕಳಪೆ ಕಂತಿಯಾದರೆ ಎರಡು ಮಳೆಗಾಲಕ್ಕೆ ಸೀಳುತ್ತದೆ. ಸೀಳಿದ ಲಿಂಗ ಎದೆಯ ಮೇಲಿದ್ದವನಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕೇ ನಿಲಂಗಾದಿಂದ, ಉಮರ್ಗಾದಿಂದ, ಗಡಿಯ ಮುರುಮದಿಂದ ಕೂಡ ಜನ ಬುತ್ತಿ ಕಟ್ಟಿಕೊಂಡು ಬಂದು ರಾಚಯ್ಯನ ಕಟ್ಟೆಯ ಮೇಲೆ ಕೂರುತ್ತಿದ್ದರು.

ನಿಜಾಮನ ಅಮಲು ಮುಗಿಯಿತು, ಪೊಲೀಸ್ ಆ್ಯಕ್ಷನ್ ಆಯಿತು, ಊರು ಹೈದರಾಬಾದಿನ ಕೈಯಿಂದ ಮುಂಬಯಿಯ ಕೈಗೆ ಬಂತು, ಕಚೇರಿಯ ಕಾಗದ ಉರ್ದುವಿನಿಂದ ಮರಾಠಿಗೆ ತಿರುಗಿತು. ರಾಚಯ್ಯನ ಒರಳು ಮಾತ್ರ ಇದ್ದಲ್ಲೇ ಇತ್ತು. ಜರಡಿ ಹಿಡಿದ ಸಗಣಿಯ ಬೂದಿ, ರಾಳ, ಅಗಸೆ ಎಣ್ಣೆ, ಅಗಸರು ಬಟ್ಟೆಗೆ ಗುರುತು ಹಾಕುವ ಬಿಬ್ಬೆಬೀಜದ ಎಣ್ಣೆ, ಕೊನೆಗೆ ದೀಪದ ಮಸಿ. ಇಷ್ಟನ್ನು ಒರಳಿಗೆ ಹಾಕಿ ಎರಡು ದಿನ ಅರೆಯಬೇಕು. ಏನೇನು ಹಾಕುತ್ತಾರೆ ಎಂಬುದು ಊರಿಗೆಲ್ಲ ಗೊತ್ತು, ಎಷ್ಟೆಷ್ಟು ಎಂಬ ಅಳತೆ ಮಾತ್ರ ಮನೆಯ ಗಂಡುಮಕ್ಕಳಿಗೆ. ಹೆಣ್ಣು ಇನ್ನೊಂದು ಮನೆ ಸೇರುವವಳು, ಅಳತೆಯನ್ನೂ ಸೆರಗಿಗೆ ಕಟ್ಟಿಕೊಂಡು ಹೋಗುತ್ತಾಳೆ ಎಂದು ಅಜ್ಜನ ಅಜ್ಜ ಯಾರೋ ಹಾಕಿದ ಕಟ್ಟಳೆ. ಆದರೆ ಅರೆಯುವುದಕ್ಕೆ ಹೆಣ್ಣುಮಕ್ಕಳ ರಟ್ಟೆಯೇ ಬೇಕು! ಮಸಿ ಕೂಡಿಸುವುದೂ ಅವರೇ. ಔಡಲೆಣ್ಣೆಯ ದೀಪದ ಮೇಲೆ ಮಣ್ಣಿನ ಮುಚ್ಚಳ ಬೋರಲು ಹಾಕಿ, ಬೆಳಗ್ಗೆ ಅದಕ್ಕೆ ಹತ್ತಿದ ಮಸಿಯನ್ನು ಕೋಳಿಗರಿಯಷ್ಟು ಹಗುರಾಗಿ ಕೆರೆದು ಡಬ್ಬಿ ತುಂಬಬೇಕು. ದುಡಿಮೆ ಹೆಣ್ಣಿನದು, ಗುಟ್ಟು ಗಂಡಿನದು. ಇಂಥ ಕಟ್ಟಳೆ ಮಾಡಿಟ್ಟ ಹಿರಿಯರು ಕೈಗೆ ಸಿಕ್ಕರೆ ನಾಲ್ಕು ಮಾತು ಕೇಳಬೇಕು ಅನ್ನಿಸುತ್ತದೆ.

ರಾಚಯ್ಯನಿಗೆ ಗಂಡುಮಕ್ಕಳಿರಲಿಲ್ಲ. ಹೆಂಡತಿ ಗಿರಿಜಾಬಾಯಿ ಒಂದೇ ಒಂದು ಹೆಣ್ಣು ಹೆತ್ತು, ಅದಕ್ಕೆ ಐದು ತುಂಬುವ ಹೊತ್ತಿಗೆ ಕಣ್ಣು ಮುಚ್ಚಿದ್ದಳು. ಆ ಮಗಳು ಸರುಬಾಯಿ. ಒರಳಿನ ಗುಂಡು ಎತ್ತಲು ಬಂದ ವಯಸ್ಸಿನಿಂದ ಅವಳು ಕಂತಿ ಅರೆದವಳು. "ಮಸಿ ಇಲ್ದಿದ್ದು ಕಂತಿ ಅಲ್ಲ, ಕೆಸರು" ಎಂದು ರಾಚಯ್ಯನ ತಂದೆ ಹೇಳುತ್ತಿದ್ದ ಮಾತನ್ನು ರಾಚಯ್ಯ ಮಗಳ ಮುಂದೆ ಸಾವಿರ ಸಲ ಆಡಿದ್ದ. ಅವಳನ್ನು ಕಣ್ಣಮುಂದೆಯೇ ಇಟ್ಟುಕೊಳ್ಳಬೇಕೆಂಬ ಆಸೆಗೆ ನಿಲಂಗಾದ ಜಂಗಮರ ಮನೆಯಿಂದ ನಾಗನಾಥನನ್ನು ಮನೆ ಅಳಿಯನನ್ನಾಗಿ ತಂದ. ತಂದದ್ದು ಅಳತೆ ಹೇಳಿಕೊಡಬಹುದು ಎಂಬ ಲೆಕ್ಕದಿಂದಲೂ ಹೌದು. ಅಳಿಯನಿಗೆ ಒರಳು ಹಿಡಿಸಲಿಲ್ಲ. ಜಗದೇವಪ್ಪ ಸಾಹುಕಾರರು ಊರ ಹೊರಗೆ ಶೇಂಗಾ ಎಣ್ಣೆಯ ಗಿರಣಿ ಹಾಕಿ, ಡೀಸೆಲ್ ಎಂಜಿನ್ನಿಗೆ ಡೈನಮೊ ಕಟ್ಟಿ ಕರೆಂಟು ಹುಟ್ಟಿಸಿದ್ದರು. ನಾಗನಾಥ ಅಲ್ಲಿ ಮೋಟಾರು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ.

"ಮಾಮಾ, ಒರಳಿನ ಗುಟ್ಟ ನಿಮ್ಮ ಬಲ್ಲೇ ಇರ್ಲಿ. ನನಗ ಮೋಟಾರಿನ ಗುಟ್ಟ ಸಾಕು" ಎಂದು ನಗುತ್ತಿದ್ದ.

ಆ ನಗೆಗೆ ರಾಚಯ್ಯ ಸೋತಿದ್ದ. ಸಂಜೆ ಗಿರಣಿಯಿಂದ ಬಂದು ಮಾವನ ಎದುರು ಕುಳಿತು, ಈವತ್ತು ಮೋಟಾರು ಹೀಗೆ ಗುರ್ರೆಂದಿತು, ಹಾಗೆ ಕೆಮ್ಮಿತು ಎಂದು ಅಳಿಯ ಹೇಳುತ್ತಿದ್ದರೆ ಮುದುಕ ಮಗುವಿನಂತೆ ಬಾಯಿ ಬಿಟ್ಟು ಕೇಳುತ್ತಿದ್ದ. ಮದುವೆಯಾಗಿ ಆರು ವರ್ಷಕ್ಕೆ ಸರುಬಾಯಿ ನಾಲ್ಕು ತಿಂಗಳ ಬಸುರಿಯಾಗಿದ್ದಳು. ಆ ಮನೆಯಲ್ಲಿ ಆಗ ಯಾವುದಕ್ಕೂ ಕೊರತೆ ಇರಲಿಲ್ಲ.

ಗಿರಣಿಯ ಮೋಟಾರಿನ ಕೋಣೆ ಬಾವಿಯ ಪಕ್ಕಕ್ಕಿತ್ತು, ಮಾಳಿಗೆ ಸೋರುತ್ತಿತ್ತು. ಮಳೆಗಾಲ ಬಂದರೆ ಅಲ್ಲಿದ್ದ ಕಬ್ಬಿಣವೆಲ್ಲ ಕೆಂಪಗೆ ತುಕ್ಕು ಹಿಡಿದು ಉದುರುತ್ತಿತ್ತು. ಅದಕ್ಕೂ ಒಂದೆರಡು ವರ್ಷ ಮೊದಲು ನಾಗನಾಥ ಮಾವನ ಒರಳಿನಲ್ಲಿ ಉಳಿದ ಕಂತಿಯನ್ನು ಒಯ್ದು ಮೋಟಾರಿನ ಬುಡದ ಬೋಲ್ಟುಗಳಿಗೆ ಮೆತ್ತಿದ. ಮರುವರ್ಷ ಸುತ್ತಲಿನ ಕಬ್ಬಿಣವೆಲ್ಲ ತುಕ್ಕು ತಿಂದು ಕರಗಿತ್ತು, ಕಂತಿ ಹಚ್ಚಿದ ಬೋಲ್ಟುಗಳು ಮಾತ್ರ ಹೊಚ್ಚ ಹೊಸದರಂತೆ ನಿಂತಿದ್ದವು. ಮೋಟಾರು ಕೆಟ್ಟಾಗಲೆಲ್ಲ ಸೊಲ್ಲಾಪುರದಿಂದ ಬರುತ್ತಿದ್ದ ಅಂಬಾದಾಸ ಮಿಸ್ತ್ರಿ ಉಗುರಿನಿಂದ ಕೆರೆದು ನೋಡಿ, "ಅರೆ ಬಾಪರೇ, ಇದು ಯಾವ ಕಂಪನಿ ಮಾಲು?" ಎಂದು ಕೇಳಿದ್ದ. ನಾಗನಾಥ, "ನಮ್ಮ ಮಾಮಾನ ಕಂಪನಿ" ಎಂದಿದ್ದ. ಆ ಮಾತನ್ನು ರಾಚಯ್ಯ ಎಷ್ಟೋ ದಿನ ಮೆಲುಕು ಹಾಕಿದ.

ಊರು ಮುಂಬಯಿ ರಾಜ್ಯಕ್ಕೆ ಸೇರಿದ ಮರುವರ್ಷದ ಆಷಾಢ. ಮೋಟಾರು ಹೊಗೆ ಕಾರಿ ನಿಂತಿತು. ಒಳಗಿನಿಂದ ತಂತಿಗಳು ಹೊರಗೆ ಬರುವಲ್ಲಿ ಒಂದು ಕಬ್ಬಿಣದ ಡಬ್ಬಿ ಇರುತ್ತದೆ. ಅದರಲ್ಲಿ ತಂತಿಗೆ ಸುತ್ತಿದ್ದ ಅರಿವೆ ತೇವಕ್ಕೆ ಕೊಳೆತು, ಮೇಲೆ ಬಳಿದಿದ್ದ ವಾರ್ನಿಶ್ ಹಪ್ಪಳದಂತೆ ಎದ್ದಿತ್ತು. ಅಂಬಾದಾಸ ಬಂದು ನೋಡಿ, ಹೊಸ ಅರಿವೆ ಸುತ್ತಿ ಹೊಸ ವಾರ್ನಿಶ್ ಹಾಕಬೇಕು ಎಂದ. ಆ ವಾರ್ನಿಶ್ ಉದಗೀರಿನಲ್ಲಿ ಇಲ್ಲ, ಲಾತೂರಿನಲ್ಲಿಯೂ ಇಲ್ಲ. ಸಾಹುಕಾರರ ಕೋಠಿಯಲ್ಲಿ ಶೇಂಗಾ ಬೂಸ್ಟು ಹಿಡಿಯುತ್ತಿತ್ತು.

"ಅಯ್ನೋರ ಕಂತಿ ಮನ್ಯಾಗಿದ್ದು ವಾರ್ನಿಶಿಗಿ ಸೊಲ್ಲಾಪುರಕ್ಕ ಯಾಕ ಹೋಗಬೇಕೋ? ಹಿತ್ತಲ ಗಿಡ ಮದ್ದಲ್ಲ ಅಂದಂಗಾತು!" ಎಂದರು ಜಗದೇವಪ್ಪ ಸಾಹುಕಾರರು.

ಅಂಬಾದಾಸ ಒಮ್ಮೆಲೇ ಒಪ್ಪುವ ಕುಳವಲ್ಲ. ರಾಚಯ್ಯನನ್ನು ಗಿರಣಿಗೆ ಕರೆಸಿ ಎರಡು ತಗಡಿಗೆ ಕಂತಿ ಹಚ್ಚಿಸಿದ. ಒಂದಕ್ಕೆ ಎಂದಿನ ಕಂತಿ, ಇನ್ನೊಂದಕ್ಕೆ ಮಸಿ ಬಿಟ್ಟು ರಾಚಯ್ಯ ಗಿರಣಿಯಲ್ಲಿ ತಾನೇ ಅರೆದು ಮಾಡಿದ ಚೂರು ಕಂತಿ. ಮೂರು ದಿನ ಒಣಗಿಸಿ, ನೀರು ಚಿಮುಕಿಸಿ, ಕರೆಂಟಿನ ತಂತಿಯ ಎರಡು ತುದಿಗಳನ್ನು ಕರಿ ಕಂತಿಗೆ ಮುಟ್ಟಿಸಿದ. ಕೆಂಪು ಕಿಡಿಗಳು ಇರುವೆ ಸಾಲಿನಂತೆ ಈ ತುದಿಯಿಂದ ಆ ತುದಿಗೆ ಹರಿದವು, ಕಂತಿ ಹೊಗೆಯಾಡಿತು. ಮಸಿಯಿಲ್ಲದ ಕಂದು ಕಂತಿಗೆ ಮುಟ್ಟಿಸಿದ. ಏನೂ ಆಗಲಿಲ್ಲ. ಮತ್ತೆ ಮತ್ತೆ ಮುಟ್ಟಿಸಿದರೂ ಅದು ಮಿಸುಕಲಿಲ್ಲ. ನಾಗನಾಥ ಆ ದಿನ ಸಾಹುಕಾರರ ಕೆಲಸಕ್ಕೆ ಲಾತೂರಿಗೆ ಹೋಗಿದ್ದ, ನೋಡಿದವರು ಇವರಿಬ್ಬರೇ.

"ಬಘಾ, ನೋಡ್ರಿ ಸ್ವಾಮಿ" ಎಂದ ಅಂಬಾದಾಸ. "ಮಸಿ ಅಂದ್ರ ಏನು? ಕೊಳಸಾ, ಇದ್ದಲಿ. ಡೈನಮೊದಾಗ ತಿರಗೂ ಗಾಲಿಯಿಂದ ಕರೆಂಟ್ ತಗೊಳ್ಳಾಕ ನಾವೇ ಕೊಳಸಾದ ತುಂಡ ಇಡ್ತೀವಿ. ನಿಮ್ಮ ಮಸಿ ನೀರಿಗಿ ಬಾಗಲಾ ಹಾಕ್ತದ, ಕರೆಂಟಿಗಿ ತಾನೇ ಬಾಗಲಾ ತೆಗೀತದ. ಮಸಿ ಬಿಟ್ಟ ಮಾಡ್ರಿ, ನಾ ಒಪ್ಪತೀನಿ. ಒಂದ ಚಿಟಿಕಿನೂ ಬ್ಯಾಡ."

"ಆತಪ್ಪಾ, ತಿಳೀತು" ಎಂದ ರಾಚಯ್ಯ.

ತಿಳಿದದ್ದು ನಿಜವೇ. ಕಣ್ಣಾರೆ ಕಂಡಿದ್ದ. ಒಳಗಿನ ಸುರುಳಿಗೆ ಬೇಕಾಗುವ ಅಸಲು ವಾರ್ನಿಶ್ ತರಲೆಂದು, ಜೊತೆಗೆ ತಂಗಿಯ ಮದುವೆ ಮುಗಿಸಿ ಬರಲೆಂದು ಅಂಬಾದಾಸ ಸೊಲ್ಲಾಪುರಕ್ಕೆ ಹೋದ. ಡಬ್ಬಿಯೊಳಗಿನ ತಂತಿಗಳಿಗೆ ಕಂತಿ ಹಚ್ಚಿ ಒಣಗಿಸಿ ತಾನು ಬರುವವರೆಗೆ ಮೋಟಾರು ನಡೆಸಿರಿ ಎಂದು ರಾಚಯ್ಯನಿಗೆ ಹೇಳಿಯೇ ಹೋದ.

ರಾಚಯ್ಯ ಆ ಮಧ್ಯಾಹ್ನ ಒರಳಿನ ಮುಂದೆ ಕೂತು ಬೂದಿ, ರಾಳ, ಎಣ್ಣೆಗಳನ್ನು ಅಳೆದು ಹಾಕಿದ. ಮಸಿಯ ಡಬ್ಬಿಯತ್ತ ಕೈ ತಾನಾಗಿ ಹೋಯಿತು, ಹಿಂದಕ್ಕೆ ಎಳೆದುಕೊಂಡ. ನಲವತ್ತು ವರ್ಷದಲ್ಲಿ ಮಸಿ ಬಿಟ್ಟು ಕಂತಿಗೆ ಕೂತದ್ದು, ಆ ತಗಡಿನ ಪರೀಕ್ಷೆ ಬಿಟ್ಟರೆ, ಇದೇ ಮೊದಲು. ತಂದೆ ಎಲ್ಲೋ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಾನೆ ಎನ್ನಿಸಿ ಅವನಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಎರಡು ಹರದಾರಿ ಆಚೆಯ ಹಳ್ಳಿಯಿಂದ ಆಳು ಬಂದ. ಅಲ್ಲಿಯ ಗೌಡರ ಮನೆಯ ಹಿರಿಯರು ಲಿಂಗೈಕ್ಯರಾಗಿದ್ದರು, ಜಂಗಮನಾಗಿ ಹೋಗಲೇಬೇಕು.

"ಸರೂ, ಇದನ್ನ ಅರೀತಿರವ್ವಾ. ಬಿಡಬ್ಯಾಡ. ನಾ ನಾಳಿಗಿ ಬರ್ತೀನಿ" ಎಂದು ಹೆಗಲಿಗೆ ಜೋಳಿಗೆ ಏರಿಸಿದ.

ಆಗ ಇನ್ನೊಂದು ಮಾತು ಹೇಳಬಹುದಿತ್ತು. ಇದರಲ್ಲಿ ಮಸಿ ಬೇಡ ಮಗಳೇ, ಮಸಿಗೆ ಕರೆಂಟು ಹರಿಯುತ್ತದೆ. ಇಷ್ಟೇ ಮಾತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅಳತೆಯ ವಿಷಯ ಹೆಣ್ಣುಮಕ್ಕಳ ಮುಂದೆ ಎತ್ತಿ ಅವನಿಗೆ ರೂಢಿಯಿರಲಿಲ್ಲ. ಮಸಿ ಇಲ್ಲದ್ದು ಕೆಸರು ಎಂದು ಸಾವಿರ ಸಲ ಹೇಳಿದ ಬಾಯಿಂದಲೇ ಮಸಿ ಬೇಡ ಎನ್ನುವುದು ಹೇಗೆ? ಅರೆಯುವವಳಿಗೆ ಅದೆಲ್ಲ ಯಾಕೆ ಎಂದುಕೊಂಡು ಹೊರಟುಬಿಟ್ಟ.

ಮರುದಿನ ಸಂಜೆ ಬಂದಾಗ ಒರಳಿನಲ್ಲಿ ಕಂತಿ ಬೆಣ್ಣೆಯಂತೆ ನುಣ್ಣಗಾಗಿತ್ತು. ಬಣ್ಣ ಕಪ್ಪಗಿತ್ತು. ರಾಚಯ್ಯ ಬೆರಳಿಗೆ ಹಚ್ಚಿಕೊಂಡು ಬೆಳಕಿಗೆ ಹಿಡಿದ. ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಬಿಬ್ಬೆ ಎಣ್ಣೆ ಅರೆದಷ್ಟೂ ಕಪ್ಪಾಗುತ್ತದೆ, ಈ ಸಲ ಬಿಬ್ಬೆ ಬಲಿತದ್ದಿರಬೇಕು ಎಂದುಕೊಂಡ. ಬಣ್ಣ ಯಾಕೆ ಹೀಗೆ ಎಂದು ಮಗಳನ್ನು ಕೇಳಿದರೆ, ಹೇಗಿರಬೇಕಿತ್ತು ಎಂದು ಅವಳು ಕೇಳುತ್ತಾಳೆ. ಕೇಳಲಿಲ್ಲ.

ನಾಗನಾಥ ಕಂತಿಯನ್ನು ಬಾಳೆಯ ಎಲೆಯಲ್ಲಿ ಕಟ್ಟಿಕೊಂಡು ಹೋದ. ತಂತಿಗೆ, ತಂತಿ ಬಿಗಿಯುವ ಹಲಗೆಗೆ ದಪ್ಪಗೆ ಹಚ್ಚಿ ಮೂರು ದಿನ ಇದ್ದಿಲ ಶಾಖಕ್ಕೆ ಒಣಗಿಸಿದ. ಮೋಟಾರು ತಿರುಗಿತು. ಸಾಹುಕಾರರು ರಾಚಯ್ಯನಿಗೆ ಒಂದು ಕೊಡ ಎಣ್ಣೆ, ಒಂದು ಶಾಲು ಕಳಿಸಿದರು. ಹೊರಗೆ ಹದವಾದ ಬಿಸಿಲಿತ್ತು, ಎಂಟು ದಿನ ಮೋಟಾರು ಒಂದೇ ಸಮ ಓಡಿತು. ಕಂತಿಯೊಳಗಿನ ಮಸಿ ಒಣಗಿದ್ದಷ್ಟು ದಿನ ಸುಮ್ಮನಿತ್ತು ಅಷ್ಟೆ.

ಒಂಬತ್ತನೆಯ ದಿನ ಜಡಿಮಳೆ ಹಿಡಿಯಿತು. ಬೆಳಗ್ಗೆ ನಾಗನಾಥ ಗೋಣಿತಟ್ಟು ಹೊದ್ದು ಗಿರಣಿಗೆ ಹೋದ. ಮೋಟಾರಿನ ಕೋಣೆಯಲ್ಲಿ ಹಿಮ್ಮಡಿಯವರೆಗೆ ನೀರು ನಿಂತಿತ್ತು. ಮೋಟಾರು ಬಿಸಿಯಾಗಿದೆಯೇ ಎಂದು ಎಂದಿನಂತೆ ಅದರ ಬೆನ್ನ ಮೇಲೆ ಅಂಗೈ ಇಟ್ಟ. ದನದ ಬೆನ್ನು ಸವರಿದಂತೆ ದಿನಾ ಹಾಗೆಯೇ ಸವರುತ್ತಿದ್ದ. ಆ ದಿನ ಇಟ್ಟ ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಯಾರೋ ಓಡಿಹೋಗಿ ಎಂಜಿನ್ನು ನಿಲ್ಲಿಸುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಇಪ್ಪತ್ತೆಂಟು ವರ್ಷದ ಹುಡುಗ, ಮೈಮೇಲೆ ಒಂದು ಗಾಯವಿಲ್ಲ, ಅಂಗೈಯಲ್ಲಿ ರೂಪಾಯಿಯಗಲದ ಸುಟ್ಟ ಕಲೆ ಅಷ್ಟೆ.

ಮನೆಗೆ ತಂದು, ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸಿದರು. ಓಣಿಯ ಹೆಂಗಸರೆಲ್ಲ ಸುತ್ತ ಕೂತರು. ರಾಚಯ್ಯ ಕಂಬಕ್ಕೆ ಬೆನ್ನು ಕೊಟ್ಟು ನೆಲ ನೋಡುತ್ತಿದ್ದ. ಕರೆಂಟು ಹೊಡೆಯಿತು ಎಂದರು, ವಿಧಿ ಎಂದರು. ಅವನ ತಲೆಗೆ ಒಂದೂ ಹೋಗುತ್ತಿರಲಿಲ್ಲ. ತನ್ನ ಕಂತಿ ತಗಡಿನ ಮೇಲೆ ಕರೆಂಟನ್ನು ಹಿಡಿದು ನಿಲ್ಲಿಸಿದ್ದು ಕಣ್ಣಮುಂದೆಯೇ ಇತ್ತು. ಹಾಗಿದ್ದರೆ ಇದು ಹೇಗಾಯಿತು?

ಸರುಬಾಯಿ ಗಂಡನ ಮೊಣಕಾಲು ಹಿಡಿದು ಹಾಡಿಕೊಂಡು ಅಳುತ್ತಿದ್ದಳು. ಅವನು ಉಂಡದ್ದು, ಉಟ್ಟದ್ದು, ನಕ್ಕದ್ದು ಒಂದೊಂದೂ ಬಾಯಿಗೆ ಬರುತ್ತಿತ್ತು.

"ನಿನ್ನ ಕೈಗಿ ಛಲೋ ಕಂತಿ ಬರ್ಲಂತ ಎರಡ ದಿನಾ ಅರದಿದ್ನೋ ನನ್ನ ರಾಜಾ... ಅಪ್ಪ ಮರತ ಮಸಿ ನಾ ನೆನಪಿಟ್ಟ ಹಾಕಿದ್ನೋ ನನ್ನ ರಾಜಾ... ಅಪ್ಪನ ಹೆಸರ ಉಳೀಲಿ, ನಿನ್ನ ಕೆಲಸ ಉಳೀಲಿ ಅಂದಿದ್ನೋ... ನೀ ಯಾಕ ಉಳೀಲಿಲ್ಲೋ ನನ್ನ ರಾಜಾ..."

ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹಾಡಿನ ಅಷ್ಟು ಸಾಲುಗಳಲ್ಲಿ ಆ ಒಂದು ಸಾಲು ಯಾರಿಗೂ ಬೇರೆಯಾಗಿ ಕೇಳಿಸಲಿಲ್ಲ. ರಾಚಯ್ಯನಿಗೆ ಮಾತ್ರ ಕೇಳಿಸಿತು. ಕೇಳಿಸಿದ ಕೂಡಲೇ ಒರಳಿನಲ್ಲಿದ್ದ ಆ ಕಪ್ಪು ಯಾವುದೆಂದು ಗೊತ್ತಾಯಿತು.

ಎಲ್ಲವೂ ಕೈಯಲ್ಲಿ ಹಿಡಿದು ನೋಡಿದಷ್ಟು ಸ್ಪಷ್ಟವಾಯಿತು. ಅಪ್ಪನಿಗೆ ಈಚೆಗೆ ಮರೆವು. ಹೋದ ತಿಂಗಳು ಪೂಜೆಗೆ ಕೂತು ಪತ್ರಿ ಮರೆತಿದ್ದ, ಒಮ್ಮೆ ತನ್ನ ಓಣಿಯನ್ನೇ ದಾಟಿ ಹೋಗಿದ್ದ. ಮಗಳು ಒರಳಿಗೆ ಕೂತಿದ್ದಾಳೆ, ಕಂತಿ ಕಂದಾಗಿದೆ. ಅಯ್ಯೋ, ಅಪ್ಪ ಮಸಿಯನ್ನೇ ಮರೆತಿದ್ದಾನೆ. ಸಾಹುಕಾರರ ಮುಂದೆ, ಗಂಡನ ಮುಂದೆ ಅಪ್ಪನ ಮಾನ ಹೋಗಬಾರದು. ಡಬ್ಬಿ ತೆಗೆದು ಹಾಕಿದ್ದಾಳೆ, ಮತ್ತೆ ಅರೆದಿದ್ದಾಳೆ. ಅಪ್ಪನಿಗೆ ನಾಚಿಕೆಯಾದೀತೆಂದು ಬಾಯಿ ಬಿಟ್ಟು ಹೇಳಿಲ್ಲ. ಅವನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಒಬ್ಬರ ಮಾನ ಒಬ್ಬರು ಕಾಯಲು ಹೋಗಿ ನಡುವೆ ಇದ್ದವನು ಹೋದ.

ರಾಚಯ್ಯನಿಗೆ ಅಳು ಬರಲಿಲ್ಲ, ಭಯ ಬಂತು. ಇದು ಅವಳಿಗೆ ಗೊತ್ತಾದರೆ? ಗಂಡ ಸತ್ತ ದುಃಖವನ್ನು ಹೆಣ್ಣು ಹೇಗೋ ನುಂಗಿಯಾಳು, ಲೋಕದಲ್ಲಿ ಎಷ್ಟೋ ಜನ ನುಂಗಿದ್ದಾರೆ. ತನ್ನ ಕೈಯಾರೆ ಹಾಕಿದ ಮಸಿಯೇ ಅವನನ್ನು ಕೊಂದಿತು ಎಂಬುದನ್ನು ನುಂಗಿ ಬದುಕಿಯಾಳೆ? ಹೊಟ್ಟೆಯಲ್ಲಿ ಕೂಸು ಬೇರೆ. ಮಸಿಗೂ ಕರೆಂಟಿಗೂ ಇರುವ ನಂಟು ಉದಗೀರಿನಲ್ಲಿ ತನ್ನನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಅಂಬಾದಾಸ ಬಸ್ಸು ಇಳಿದು ಗಿರಣಿಗೆ ಬಂದಿದ್ದಾನೆಂದು ಯಾರೋ ಅಂದರು.

ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಅವನು ವಾರ್ನಿಶಿನ ಎರಡು ಡಬ್ಬಿ ತಂದಿದ್ದ. ರಾಚಯ್ಯ ಹೆಣದ ಮನೆಯಿಂದ ಎದ್ದು ಮಳೆಯಲ್ಲಿ ಬರಿಗಾಲಿನಲ್ಲಿ ಗಿರಣಿಗೆ ಓಡಿದ. ಅರವತ್ತೆರಡು ವರ್ಷದ ಮುದುಕ ಓಡುವುದನ್ನು ನೋಡಿ ಜನ, ದುಃಖಕ್ಕೆ ತಲೆ ಕೆಟ್ಟಿತು ಪಾಪ ಎಂದರು. ಅಂಬಾದಾಸ ಒಬ್ಬನೇ ಮೋಟಾರಿನ ಮುಂದೆ ಕೂತಿದ್ದ. ಡಬ್ಬಿಯ ಮುಚ್ಚಳ ತೆರೆದಿತ್ತು. ಹಲಗೆಯ ಮೇಲಿನ ಕಂತಿಯಲ್ಲಿ ಬೋಲ್ಟಿನಿಂದ ಕಬ್ಬಿಣದ ಅಂಚಿನವರೆಗೆ ಸುಟ್ಟ ಗೆರೆಯೊಂದು ಬೇರಿನಂತೆ ಕವಲೊಡೆದು ಹೋಗಿತ್ತು. ಅವನು ಬೆರಳಿನಿಂದ ಒರೆಸಿ, ಬೆರಳು ಎತ್ತಿ ತೋರಿಸಿದ.

"ಸ್ವಾಮಿ, ಇದು ಮಸಿ. ಒಂದ ಚಿಟಿಕಿನೂ ಬ್ಯಾಡ ಅಂದಿದ್ದೆ. ನಿಮ್ಮ ಕಣ್ಣಮುಂದ ತಗಡ ಸುಟ್ಟ ತೋರ್ಸಿದ್ದೆ. ಭೂಮಿಗಿ ಇಳಿಸಿದ್ದ ತಂತಿನೂ ತುಕ್ಕ ತಿಂದು ಕಡದದ, ಅದು ಸಾವಕಾರ್ ತಪ್ಪು, ನಂದೂ ತಪ್ಪು, ನಾ ನೋಡಬೇಕಿತ್ತು. ಆದ್ರ ಈ ಮಸಿ ಯಾರ ಹಾಕಿದ್ರು?"

"ನಾನೇ" ಎಂದ ರಾಚಯ್ಯ. "ನಾನೇ ಹಾಕಿದ್ದು. ಮರತೆ."

"ಮರತ್ರಿ?"

"ರೂಢಿ ಕೈ, ಅಂಬಾದಾಸ. ಡಬ್ಬಿಗಿ ಹೋತು."

ಅಂಬಾದಾಸ ತಲೆ ತಲೆ ಚಚ್ಚಿಕೊಂಡ. ರಾಚಯ್ಯ ಅವನ ಎರಡೂ ಕೈ ಹಿಡಿದ. ಜಂಗಮನಾದವನು ಇನ್ನೊಬ್ಬರ ಮುಂದೆ ಹಾಗೆ ಬಾಗಿದ್ದನ್ನು ಅಂಬಾದಾಸ ಎಂದೂ ಕಂಡಿರಲಿಲ್ಲ.

"ಒಂದು ಬೇಡ್ತೀನಿ, ಇಲ್ಲನ್ನಬ್ಯಾಡ. ಮಸಿ ಅನ್ನೂ ಮಾತ ಯಾರ ಮುಂದೂ ಎತ್ತಬ್ಯಾಡ. ಕಂತಿ ಹಸಿ ಇತ್ತು, ರಾಚಯ್ಯನ ಅಳತಿ ತಪ್ಪಿತು, ಅದಕ್ಕ ಹಿಂಗಾತು ಅನ್ನು. ನನ್ನ ಹೆಸರ ಹೇಳು. ಬೇಕಾದಷ್ಟ ಬೈಯಿ. ಮಸಿ ಅನಬ್ಯಾಡ."

"ಅಳತಿ ತಪ್ಪಿದ್ರೇನು, ಮಸಿ ಬಿದ್ದರೇನು, ಎಲ್ಲಾ ನಿಮ್ಮ ತಲಿಮ್ಯಾಗೇ ಬರ್ತದ. ಹಂಗಿದ್ದು ಮಸಿ ಒಂದ ಯಾಕ ಮುಚ್ಚ..." ಎಂದು ಕೇಳಲು ಹೋದ ಅಂಬಾದಾಸ ನಡುವೆಯೇ ನಿಂತುಬಿಟ್ಟ. ಆ ಮನೆಯಲ್ಲಿ ಅವನು ಎಷ್ಟೋ ಸಲ ಉಂಡಿದ್ದ. ಒರಳಿನ ಮುಂದೆ ಯಾರು ಕೂರುತ್ತಾರೆ, ದೀಪದ ಮುಚ್ಚಳ ಯಾರು ಕೆರೆಯುತ್ತಾರೆ ಎಂಬುದನ್ನು ನೋಡಿದ್ದ. ತಂದೆಯಂಥ ರಾಚಯ್ಯನ ಮುಖ ನೋಡಿ ಅವನ ಕಣ್ಣು ತುಂಬಿದವು. ಹಲಗೆಯ ಕಂತಿಯನ್ನೆಲ್ಲ ಚಾಕುವಿನಿಂದ ಕೆರೆದು, ತನ್ನ ಧೋತರದ ಚುಂಗಿನಿಂದ ಒರೆಸಿ, ಕೆರೆದದ್ದನ್ನು ಬಾವಿಗೆ ಎಸೆದ.

ಮಧ್ಯಾಹ್ನ ಅಂಗಳದಲ್ಲಿ ಜನ ಸೇರಿದ್ದಾಗ ಜಗದೇವಪ್ಪ ಸಾಹುಕಾರರು, "ಏನಾಗಿತ್ತೋ ಮಿಸ್ತ್ರಿ?" ಎಂದು ಕೇಳಿದರು. ಅಂಬಾದಾಸ ಬಾಯಿ ತೆರೆಯುವ ಮೊದಲೇ ರಾಚಯ್ಯ ಎದ್ದು ನಿಂತ.

"ಕಂತಿ ಹಸಿ ಇತ್ರೀ. ನಾ ಅಳತಿ ತಪ್ಪಿದೆ. ಕರೆಂಟ ಹರೀತು. ತಪ್ಪು ನಂದು."

ಒಳಗೆ ಸರುಬಾಯಿಯ ಅಳು ಫಕ್ಕನೆ ನಿಂತಿತು. ಅವಳು ಹೊಸ್ತಿಲಿಗೆ ಬಂದು ನಿಂತಳು. ತಂದೆಯನ್ನು ಮೊದಲ ಸಲ ಕಾಣುವವಳಂತೆ ನೋಡಿದಳು.

"ನಿನ್ನ ಕಂತಿ ಏನಪ್ಪಾ?"

"ಹೌದವ್ವಾ."

ಮಣ್ಣು ಮಾಡುವ ಹೊತ್ತು ಬಂತು. ಕುಣಿಯಲ್ಲಿ ಕೂಡಿಸಿದ ಮೇಲೆ ಸತ್ತವನ ಎಡ ಅಂಗೈಯಲ್ಲಿ ಅವನ ಲಿಂಗವನ್ನು ಇಡಬೇಕು. ಆ ಊರಿನಲ್ಲಿ ಮೂವತ್ತು ವರ್ಷದಿಂದ ಅದನ್ನು ಇಟ್ಟ ಕೈ ರಾಚಯ್ಯನದು. ಅವನು ಮುಂದೆ ಬಂದಾಗ ಸರುಬಾಯಿ ಅಡ್ಡ ಬಂದಳು.

"ನೀ ಮುಟ್ಟಬ್ಯಾಡ. ಬ್ಯಾರೆ ಅಯ್ನೋರಿಗಿ ಕರೀರಿ."

ಹಿರಿಯರು, ಹಾಗೆಲ್ಲ ಅನ್ನಬಾರದು ತಾಯಿ, ಅಂವಾ ಹೆತ್ತ ತಂದೆ ಎಂದರು. ರಾಚಯ್ಯ ಕೈ ಎತ್ತಿ ಅವರನ್ನು ಸುಮ್ಮನಿರಿಸಿದ. ಆಚೆ ಓಣಿಯ ಮರಿಯಯ್ಯನನ್ನು ಕರೆತರುವವರೆಗೆ ಮಳೆಯಲ್ಲಿ ಎಲ್ಲರೂ ಕಾದರು. ರಾಚಯ್ಯ ದೂರ ಬೇಲಿಯ ಹತ್ತಿರ, ಯಾವ ಸಂಬಂಧವೂ ಇಲ್ಲದ ಪರವೂರಿನವನಂತೆ ನಿಂತು ಅಳಿಯನ ಮೇಲೆ ಮಣ್ಣು ಬೀಳುವುದನ್ನು ನೋಡಿದ. ಆಗ ಅವನಿಗೆ ಅಳು ಬಂತು, ಬಿಕ್ಕಿ ಬಿಕ್ಕಿ ಅತ್ತ.

ದಿನಕರ್ಮ ಮುಗಿದ ಮೇಲೆ ಸರುಬಾಯಿ ಅತ್ತೆ ಅನುಸೂಯಾಬಾಯಿಯ ಜೊತೆ ನಿಲಂಗಾಕ್ಕೆ ಹೋದಳು. ಚೊಚ್ಚಲ ಬಾಣಂತನಕ್ಕೆ ಹೆಣ್ಣು ತವರಿಗೆ ಬರುತ್ತದೆ. ಇವಳು ತವರನ್ನು ಬಿಟ್ಟು ಹೋದಳು. ರಾಚಯ್ಯನ ಕಟ್ಟೆಯ ಮೇಲೆ ಕೂರುವವರು ಕಡಿಮೆಯಾದರು. ಅಳಿಯನನ್ನು ಕೊಂದ ಕಂತಿ ಎಂಬ ಮಾತು ನಿಲಂಗಾ ದಾಟಿ ಉಮರ್ಗಾ ಮುಟ್ಟಿತು. ಒಳ್ಳೆಯ ಸುದ್ದಿ ಕುಂಟುತ್ತ ಹೋದರೆ ಕೆಟ್ಟದ್ದು ಕುದುರೆ ಏರುತ್ತದಲ್ಲ. ಅವನು ಯಾರ ಮೇಲೂ ಬೇಸರಪಟ್ಟುಕೊಳ್ಳಲಿಲ್ಲ. ಬೆಳಗ್ಗೆ ಎದ್ದರೆ ಒಂದೇ ಚಿಂತೆ: ಮಿಸ್ತ್ರಿಗಳು ಊರೂರು ತಿರುಗುತ್ತಾರೆ, ಕರೆಂಟು ಎಲ್ಲ ಕಡೆ ಬರುತ್ತಿದೆ, ಯಾವನೋ ಒಬ್ಬ ನಿಲಂಗಾದ ಸಂತೆಯಲ್ಲಿ ನಿಂತು ಮಸಿಗೆ ಕರೆಂಟು ಹರಿಯುತ್ತದೆ ಎಂದು ಅಂದುಬಿಟ್ಟರೆ?

ಮಾಘದಲ್ಲಿ ನಿಲಂಗಾದಿಂದ ಹೇಳಿಕೆ ಬಂತು. ಹೆಣ್ಣು ಕೂಸು, ಎರಡು ತಿಂಗಳಾಗಿದೆ, ಮಗಳು ಕರೆಯುತ್ತಾಳೆ. ಅವಳಿಗೆ ಗೊತ್ತಾಗಿಬಿಟ್ಟಿತೋ ಏನೋ! ರಾಚಯ್ಯ ಬಸ್ಸಿನಲ್ಲಿ ಕೂತು ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೋದ.

ಅನುಸೂಯಾಬಾಯಿ ಕಾಲಿಗೆ ನೀರು ಕೊಟ್ಟು, ಕೂಸನ್ನು ತಂದು ಅವನ ತೊಡೆಯ ಮೇಲೆ ಹಾಕಿ ಒಳಗೆ ಹೋದಳು. ಕೂಸಿಗೆ ನಾಗನಾಥನ ಹಣೆ ಇತ್ತು. ಸರುಬಾಯಿ ಎದುರಿಗೆ ಬಂದು ಕೂತಳು. ಬಡವಾಗಿದ್ದಳು, ಮುಖ ಗಟ್ಟಿಯಾಗಿತ್ತು.

"ಸಿಟ್ಟು ಹೋಗ್ಯಾದಂತ ಕರಸಿಲ್ಲಪ್ಪಾ. ಸಿಟ್ಟು ಅದ. ಆದ್ರ ಕೂಸಿನ ಹೊಟ್ಟಿ ಸಿಟ್ಟಿಲಿಂದ ತುಂಬೂದಿಲ್ಲ. ಇಲ್ಲಿ ಕಂತಿ ಮಾಡಾವ್ರು ಯಾರೂ ಇಲ್ಲ. ನಾ ಮಾಡ್ತೀನಿ. ನನಗ ಅಳತಿ ಹೇಳು."

ರಾಚಯ್ಯ ಕೂಸಿನ ಮುಖ ನೋಡುತ್ತ ಕೂತ. ಹೆಣ್ಣಿಗೆ ಅಳತೆ ಹೇಳಬಾರದು ಎಂಬ ಕಟ್ಟಳೆ ನೆನಪಾಗಿ ಅವನಿಗೆ ಹೇಸಿಗೆಯಾಯಿತು. ಆ ಕಟ್ಟಳೆ ಇರದಿದ್ದರೆ ಈ ಕೂಸಿಗೆ ಅಪ್ಪ ಇರುತ್ತಿದ್ದ.

"ಹೇಳ್ತೀನವ್ವಾ."

"ಒಂದ ಮಾತ ಕೇಳ್ತೀನಿ. ನಲವತ್ತ ವರ್ಷ ತಪ್ಪಲಾರದ ಕೈ ಆವತ್ತ ಹ್ಯಾಂಗ ತಪ್ಪತು?"

"ಕಣ್ಣ ಕಾಣಲಿಲ್ಲ ಮಗಳ. ಪೊರಿ ಬಂದದ. ಅಳತಿ ಹೆಚ್ಚು ಕಡಿಮಿ ಆತು."

"ಕಣ್ಣ ಕಾಣಲಿಲ್ಲಂದ್ರ ನನಗ ಹೇಳಬೇಕಿತ್ತಿಲ್ಲಪ್ಪಾ! ನಾ ಅಲ್ಲೇ ಇದ್ದೆ. ಒಂದ ಮಾತ ಹೇಳಿದ್ರ ಸಾಕಿತ್ತು." ಅಷ್ಟು ದಿನ ತಡೆದಿದ್ದ ಕಣ್ಣೀರು ಅವಳ ಗಲ್ಲದ ಮೇಲೆ ಇಳಿಯಿತು.

"ಹೇಳಬೇಕಿತ್ತು" ಎಂದ ರಾಚಯ್ಯ. ಅದಕ್ಕಿಂತ ನಿಜವಾದ ಮಾತನ್ನು ಅವನು ಜೀವಮಾನದಲ್ಲಿ ಆಡಿರಲಿಲ್ಲ. "ಹೇಳಲಿಲ್ಲ. ಅದೇ ನನ್ನ ತಪ್ಪು."

ಅವಳು ಮೂಗು ಒರೆಸಿಕೊಂಡು ನೆಟ್ಟಗೆ ಕೂತಳು. ಅವನು ಹೇಳತೊಡಗಿದ. ಬೂದಿ ಇಷ್ಟು ಬೊಗಸೆ, ರಾಳ ಇಷ್ಟು, ಅಗಸೆ ಎಣ್ಣೆ ಕಾಯಿಸಿ ಆರಿಸಿದ್ದು ಇಷ್ಟು, ಬಿಬ್ಬೆ ಎಣ್ಣೆ ಕೈಗೆ ತಾಗದಂತೆ ಇಷ್ಟು. ಅವಳು ಒಂದೊಂದನ್ನೂ ತಿರುಗಿ ಅಂದು ಬೆರಳು ಮಡಚಿದಳು. ಅವನು ಅಲ್ಲಿಗೆ ನಿಂತ.

"ಮಸಿ?" ಎಂದಳು.

"ಮಸಿ ಒಂದು ಹಿಡಿ. ಗಂಡಸಿನ ಹಿಡಿ ಅಲ್ಲ, ನಿನ್ನಷ್ಟ ಹಿಡಿ."

ಸರುಬಾಯಿ ತನ್ನ ಮುಷ್ಟಿ ಮಡಚಿ ನೋಡಿಕೊಂಡಳು.

"ಆವತ್ತ ನೀ ಮಸಿ ಹಾಕೂದೇ ಮರತಿದ್ದೆಪ್ಪಾ. ನಿನಗ ನಾಚಿಕಿ ಆಗ್ತದಂತ ನಾ ಹೇಳಲಿಲ್ಲ. ಅಂದಾಜಿಲೆ ಒಂದ ಹಿಡಿ ನಾನೇ ಹಾಕಿದ್ದೆ." ಅವಳು ತಂದೆಯ ಮುಖವನ್ನು ನೋಡಿದಳು. "ನಾ ಹಾಕಿದ್ದು ಅದೊಂದರೇ ಸರಿ ಇತ್ತಿಲ್ಲೋ?"

ರಾಚಯ್ಯ ಕೂಸನ್ನು ಎದೆಗೆ ಒತ್ತಿಕೊಂಡ.

"ಸರಿ ಇತ್ತವ್ವಾ" ಎಂದ. "ನಮ್ಮಪ್ಪ ಇದ್ದರೂ ಅಷ್ಟೇ ಹಾಕ್ತಿದ್ದ."

ಸರುಬಾಯಿ ತಲೆಯಾಡಿಸಿ, ಐದನೆಯ ಬೆರಳನ್ನೂ ಮಡಚಿಕೊಂಡಳು.